ಕೆಂಡಣ್ಣನ ಹೊಟ್ಟೆಯಲ್ಲಿ ಎಂಟು ಹನಿ

"ತಗೊಂಡು ಬಾ ಪುಟ್ಟಿ! ಸಾಸಿವೆ ಕಾಳಿಗೆ ಕಿವಿ ಚುಚ್ಚಿ ಓಲೆ ಹಾಕು ಅಂದ್ರೂ ಹಾಕ್ತೀನಿ. ನಿಮ್ಮ ಪ್ರಯೋಗಾಲಯದ ಯಂತ್ರ ನನಗೆ ಯಾವ ಲೆಕ್ಕ?"

ಗಡಿಯಾರ ರಿಪೇರಿಯ ಕೆಂಡಣ್ಣ ಫೋನಿನಲ್ಲಿ ಹೀಗೆ ಘೋಷಣೆ ಕೂಗಿದಾಗ ಮಧ್ಯಾಹ್ನ ಎರಡೂವರೆ. ಅಂಗಡಿಯ ಗೋಡೆಯ ಮೇಲಿದ್ದ ಇಪ್ಪತ್ತಮೂರು ಗಡಿಯಾರಗಳು ಇಪ್ಪತ್ತಮೂರು ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಆದರೆ ಯಜಮಾನನ ದನಿಗೆ ಬೆಚ್ಚಿಬೀಳುವ ವಿಷಯದಲ್ಲಿ ಅವುಗಳಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ.

ಕೆಂಡಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಗಡಿಯಾರದ ಕಾರ್ಖಾನೆ ಗೇಟು ಮುಚ್ಚಿದಾಗ, ಆ ಗೇಟಿನ ಮುಂದೆ ನಲವತ್ತೊಂದು ದಿನ ನಿಂತು ಗಂಟಲು ಹರಿಯುವಂತೆ ಕೂಗಿದ್ದಕ್ಕೆ ಜೊತೆಗಾರರು ಕೊಟ್ಟ ಬಿರುದು. ಗೇಟು ತೆರೆಯಲಿಲ್ಲ, ಬಿರುದು ಉಳಿಯಿತು. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಕೆಂಡಣ್ಣ ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿ ಅಂಗಡಿ ತೆರೆದ. ಕೂಗುವ ಕೆಲಸಕ್ಕೆ ಮಾತ್ರ ಒಂದು ದಿನವೂ ರಜೆ ಹಾಕಲಿಲ್ಲ. ಯಾಕಪ್ಪಾ ಇಷ್ಟು ಸಿಟ್ಟು ಅಂತ ಯಾರಾದರೂ ಕೇಳಿದರೆ ಎದೆಯುಬ್ಬಿಸಿ ಹೇಳುತ್ತಿದ್ದ: "ನಂದು ಸಿಟ್ಟಲ್ಲ. ಅನ್ಯಾಯ ಕಂಡ್ರೆ ಏರೋ ಕಾವು!"

ಹೆಂಡತಿ ಬಸ್ ಕಂಡಕ್ಟರು. ದಿನಕ್ಕೆ ಆರುನೂರು ಜನರನ್ನು ಹತ್ತಿಸಿ ಇಳಿಸಿ, ಅವರ ಆರುನೂರು ಬಗೆಯ ಸಿಟ್ಟನ್ನು ಬಸ್ಸಿನಲ್ಲೇ ಬಿಟ್ಟು, ಚಪ್ಪಲಿ ಕಳಚಿ ಮನೆಯೊಳಗೆ ಬರುವ ಹೆಂಗಸು. ಆರುನೂರಾ ಒಂದನೆಯವನು ಮನೆಯಲ್ಲೇ ಇದ್ದುದರಿಂದ ಅವಳಿಗೆ ಅದೇನೂ ದೊಡ್ಡ ವಿಶೇಷ ಅನ್ನಿಸುತ್ತಿರಲಿಲ್ಲ. ಅವತ್ತು ಅವಳಿಗೆ ವಾರದ ರಜೆ.

ಪುಟ್ಟಿ ಎಂದರೆ ಹೆಂಡತಿಯ ಅಕ್ಕನ ಮಗಳು. ವಯಸ್ಸು ಮೂವತ್ತೊಂದು, ಹೆಸರಿನ ಹಿಂದೆ ಮುಂದೆ ಡಾಕ್ಟರೇಟು, ಆದರೂ ಈ ಮನೆಯಲ್ಲಿ ಪುಟ್ಟಿಯೇ. ಹೃದ್ರೋಗದ ಆಸ್ಪತ್ರೆಯ ಹಿಂದುಗಡೆ ಇರುವ ಪ್ರಯೋಗಾಲಯದಲ್ಲಿ ಕಣ್ಣಿಗೆ ಕಾಣದ ಯಂತ್ರಗಳನ್ನು ಮಾಡುವುದು ಅವಳ ಕೆಲಸ. ಮೂರು ಗಂಟೆಗೆ ಬಂದಳು. ಒಂದು ಡಬ್ಬಿ ತೆಗೆದಳು, ಅದರೊಳಗಿನ ಡಬ್ಬಿ ತೆಗೆದಳು, ಅದರೊಳಗಿನ ಹತ್ತಿ ಸರಿಸಿದಳು. ಜೀರಿಗೆ ಕಾಳಿಗಿಂತ ತುಸು ದಪ್ಪಗೆ ಏನೋ ಮಲಗಿತ್ತು.

"ಇದು ನುಂಗೋ ಯಂತ್ರ ಚಿಕ್ಕಪ್ಪ. ಹೊಟ್ಟೆಯೊಳಗೆ ಕೂತು ಎದೆಬಡಿತ ಕೇಳಿಸ್ಕೊಳ್ಳುತ್ತೆ, ಮೈ ಬಿಸಿ ನೋಡ್ಕೊಳ್ಳುತ್ತೆ. ಕೆಲವು ರೋಗಿಗಳಿಗೆ ಇದ್ದಕ್ಕಿದ್ದ ಹಾಗೆ ಗುಂಡಿಗೆ ಓಡೋಕೆ ಶುರುವಾಗುತ್ತಲ್ಲ, ಮಾತ್ರೆ ಹುಡುಕೋಕೂ ಪುರುಸೊತ್ತಿರಲ್ಲ ಅವರಿಗೆ. ಇದರಲ್ಲಿ ಎಂಟು ಗುಳಿ ಇದೆ. ಗುಂಡಿಗೆ ಮಿತಿ ಮೀರಿದ ತಕ್ಷಣ ಒಂದು ಗುಳಿ ಬಾಯಿ ತೆರೆದು ಒಂದು ಹನಿ ಔಷಧಿ ಬಿಡುತ್ತೆ. ಮನಸ್ಸು ತಣ್ಣಗಾಗೋ ಔಷಧಿ. ಬಿಟ್ಟಾಗೆಲ್ಲ ಈ ಫೋನಲ್ಲಿ ಟಿಣ್ ಅನ್ನುತ್ತೆ."

"ಈಗೇನಾಗಿದೆ ಇದಕ್ಕೆ?"

"ಇದರ ಬಾಲ ನೋಡಿ, ರೆಪ್ಪೆ ಕೂದಲಿನಷ್ಟು ತಂತಿ. ಅದು ಬಗ್ಗಿಹೋಗಿದೆ, ಸಂಕೇತ ನಿಂತು ನಿಂತು ಬರ್ತಿದೆ. ನಮ್ಮ ಬೆಸುಗೆ ಯಂತ್ರ ಕೆಟ್ಟಿದೆ, ಅದನ್ನ ಸರಿಮಾಡೋರು ಮುಂದಿನ ವಾರ ಬರ್ತಾರಂತೆ. ನಾಳೆ ಹನ್ನೊಂದಕ್ಕೆ ಸಮಿತಿ ಬರುತ್ತೆ. ಬಿಸಿನೀರಿನ ಜಾಡಿಯಲ್ಲಿ ಇದನ್ನ ಇಟ್ಟು, ಎದೆಬಡಿತದ ಹಾಗೆ ನೀರು ಅಲ್ಲಾಡಿಸಿ, ಒಂದೇ ಒಂದು ಹನಿ ಬಿಟ್ಟಿದ್ದನ್ನ ತೋರಿಸಿದ್ರೆ ಸಾಕು." ಪುಟ್ಟಿ ಡಬ್ಬಿಯನ್ನು ಅವನ ಕಡೆ ಸರಿಸಿದಳು. "ಮೂರು ಮಾಡಿದ್ವಿ. ಒಂದು ಸುಟ್ಟುಹೋಯ್ತು, ಒಂದನ್ನ ಕತ್ತರಿಸಿ ನೋಡಿದ್ವಿ. ಉಳಿದಿದ್ದು ಇದೊಂದೇ. ನಾಳೆ ಇದು ಕೆಲಸ ಮಾಡ್ಲಿಲ್ಲ ಅಂದ್ರೆ ನಾವು ನಾಲ್ಕು ಜನ ಮೂರು ವರ್ಷ ಮಾಡಿದ್ದಕ್ಕೆಲ್ಲ ಬಾಗಿಲು ಮುಚ್ಚಿದ ಹಾಗೇ."

ಬಾಗಿಲು ಮುಚ್ಚುತ್ತಾರೆ ಅಂದದ್ದೇ ತಡ, ಕೆಂಡಣ್ಣ ಸ್ಟೂಲಿನಿಂದ ಎದ್ದು ನಿಂತ.

"ಮುಚ್ಚೋನು ಯಾವನು? ನಾನು ಬದುಕಿರೋವರೆಗೂ ಇನ್ನೊಂದು ಗೇಟು ಮುಚ್ಚೋಕೆ ಬಿಡಲ್ಲ! ನೀನು ಹೋಗಿ ನಿನ್ನ ಜಾಡಿ ತೊಳೆದಿಡು. ಐದು ಗಂಟೆಗೆ ಬಾ, ಯಂತ್ರ ಹಾಡು ಹೇಳ್ತಿರುತ್ತೆ."

"ಒಂದೇ ಮಾತು ಚಿಕ್ಕಪ್ಪ. ಚಿಮಟದಲ್ಲೇ ಹಿಡ್ಕೊಳ್ಳಿ, ಕೈಯಲ್ಲಿ ಬೇಡ."

"ನನಗೇ ಪಾಠನಾ?"

ಪುಟ್ಟಿ ಫೋನನ್ನು ಮೇಜಿನ ಮೇಲೆ ಬಿಟ್ಟು ಹೋದಳು.

ಕೆಂಡಣ್ಣನ ಕೈಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು, ಆ ರೆಪ್ಪೆ ಕೂದಲನ್ನು ಇಪ್ಪತ್ತು ನಿಮಿಷದಲ್ಲಿ ನೆಟ್ಟಗೆ ಮಾಡಿದ. ಇರುವೆಯ ಕಣ್ಣಿನಷ್ಟು ಬೆಸುಗೆ ಇಟ್ಟ. ಫೋನಿನ ಮೇಲೆ ಹಸಿರು ಚುಕ್ಕೆ ಮಿಣುಕುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯಿತು. ಇಡೀ ಜಗತ್ತಿನ ಸಣ್ಣ ವಸ್ತುಗಳೆಲ್ಲ ತನಗೆ ಕೈಮುಗಿದು ನಿಂತಿವೆ ಅನ್ನಿಸಿತು ಅವನಿಗೆ. ಇನ್ನು ಉಳಿದದ್ದು ಅದನ್ನು ಡಬ್ಬಿಗೆ ಹಾಕುವುದು. ಡಬ್ಬಿಯ ಮುಚ್ಚಳ ಬಿಗಿ. ತೆಗೆಯಲು ಎರಡು ಕೈಯೂ ಬೇಕು.

ಗಡಿಯಾರದವರಿಗೆ ಎರಡು ಕೈ ಸಾಲದಾಗ ತುಟಿಯೇ ಮೂರನೇ ಕೈ. ಕಾರ್ಖಾನೆಯಲ್ಲಿ ಸಾಲಿನ ಅಷ್ಟೂ ಜನ ಸ್ಕ್ರೂಗಳನ್ನು ತುಟಿಯಲ್ಲೇ ಹಿಡಿಯುತ್ತಿದ್ದರು. ಗೇಟು ಮುಚ್ಚುವ ಮುಂಚೆ ಮಾಡಿದ ಮುಷ್ಕರದ ಬೇಡಿಕೆ ಪಟ್ಟಿಯಲ್ಲಿ ಏಳನೆಯದೇ ಅದು: "ಸಣ್ಣ ಭಾಗಗಳನ್ನಿಡಲು ತಟ್ಟೆ ಕೊಡಿ, ಕಾರ್ಮಿಕರ ತುಟಿ ಕಂಪನಿಯ ಆಸ್ತಿಯಲ್ಲ!" ಆ ಬೇಡಿಕೆ ಬರೆದವನೂ ಕೆಂಡಣ್ಣನೇ. ಈಗ ಯಾವ ಯೋಚನೆಯೂ ಇಲ್ಲದೆ ಜೀರಿಗೆ ಯಂತ್ರವನ್ನು ತುಟಿಗಳ ನಡುವೆ ಇಟ್ಟುಕೊಂಡು ಡಬ್ಬಿಯ ಮುಚ್ಚಳ ತಿರುಗಿಸತೊಡಗಿದವನೂ ಅವನೇ.

ಸರಿಯಾಗಿ ಆಗಲೇ ಒಳಗಿನಿಂದ ಹೆಂಡತಿಯ ದನಿ ಬಂತು.

"ರೀ, ನನ್ನ ಕತ್ತರಿ ತಗೊಂಡ್ರಾ?"

"ನಿನ್ನ ಕತ್ತರಿ ನಾನ್ಯಾಕೆ..."

ವಾಕ್ಯ ಅಲ್ಲಿಗೇ ನಿಂತಿತು. ತಣ್ಣಗಿನ ಒಂದು ಕಾಳು ನಾಲಗೆಯ ಮೇಲೆ ಜಾರಿ, ಗಂಟಲಿನಲ್ಲಿ ಒಂದು ಕ್ಷಣ ವಿಳಾಸ ವಿಚಾರಿಸಿ, ಕೆಳಗಿಳಿದು ಹೋಯಿತು. ಕೆಂಡಣ್ಣನ ಗುಂಡಿಗೆ ಲಾಠಿ ಕಂಡ ಗುಂಪಿನಂತೆ ದಿಕ್ಕಾಪಾಲಾಗಿ ಓಡಿತು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಫೋನು ಅಂದಿತು:

ಟಿಣ್.

ಆಮೇಲೆ ಆದದ್ದನ್ನು ಹೇಗೆ ಹೇಳುವುದು! ಯಾರೋ ಅವನ ಕಿವಿಯಲ್ಲಿ ಹತ್ತಿ ಇಟ್ಟು, ತಲೆಯೊಳಗಿನ ಕುರ್ಚಿಗಳನ್ನೆಲ್ಲ ಹೊರಗೆ ಸಾಗಿಸಿ, ನೆಲ ಒರೆಸಿ, ಕಿಟಕಿ ತೆರೆದರು. ಅಂಗಡಿಯ ಬೆಳಕು ಕೊಳದ ತಳದ ಬೆಳಕಿನಂತಾಯಿತು. ಇಪ್ಪತ್ತಮೂರು ಲೋಲಕಗಳು ಮೀನುಗಳಂತೆ ಬಾಲ ಆಡಿಸುತ್ತ ತೇಲಿದವು. ಸೆಕೆಂಡಿನ ಮುಳ್ಳುಗಳಿಗೂ ಅವಸರವಿಲ್ಲ, ಊಟವಾದ ಮೇಲೆ ಕಾಲಾಡಿಸಲು ಹೊರಟವರಂತೆ ನಡೆಯುತ್ತಿವೆ. ಎಲ್ಲ ಗಡಿಯಾರಗಳೂ ಸರಿಯಾಗಿಯೇ ಇವೆ ಅನ್ನಿಸಿತು. ಒಂದೊಂದಕ್ಕೆ ಒಂದೊಂದು ಹೊತ್ತು ಇಷ್ಟ, ಅಷ್ಟೇ ತಾನೆ?

"ಕತ್ತರಿ ನಾನೇ ತಗೊಂಡಿದ್ದೆ ಚಿನ್ನ," ಎಂದ ಕೆಂಡಣ್ಣ. "ತಪ್ಪು ನಂದೇ."

ಒಳಗೆ ಪಾತ್ರೆ ಬಿದ್ದ ಸದ್ದು. ಹೆಂಡತಿ ಓಡಿಬಂದು ಅವನ ಹಣೆ ಮುಟ್ಟಿದಳು, ರೆಪ್ಪೆ ಎತ್ತಿ ನೋಡಿದಳು.

"ರೀ, ನಗಿ ನೋಡೋಣ. ಬಾಯಿ ಒಂದು ಕಡೆ ಸೊಟ್ಟಗಾಗುತ್ತಾ? ಕೈ ಎತ್ತಿ!"

ಕೆಂಡಣ್ಣ ಎರಡೂ ಕೈ ಎತ್ತಿ ಎರಡೂ ಕಡೆಯಿಂದ ನಕ್ಕ. ಇಪ್ಪತ್ತು ವರ್ಷದಲ್ಲಿ ಆ ನಗು ಕಂಡಿರದ ಹೆಂಡತಿಗೆ ಇನ್ನಷ್ಟು ಗಾಬರಿಯಾಯಿತು.

ಐದಕ್ಕೆ ಬಂದ ಪುಟ್ಟಿ ವಿಷಯ ತಿಳಿದು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಹನಿಯ ಮಂಪರು ಇಳಿದಿತ್ತು.

"ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಸರಿ ಚಿಕ್ಕಪ್ಪ. ನೀವು ಯಂತ್ರಾನೇ ಹಾಕ್ಕೊಂಡ್ರಲ್ಲ! ಬಾಯಲ್ಲಿ ಯಾರಾದ್ರೂ ಇಟ್ಕೋತಾರಾ?"

"ಯಾರಾದ್ರೂನಾ? ಎಂಟುನೂರು ಜನ ಇಟ್ಕೋತಿದ್ವಿ! ಅದು ನಮ್ಮ ಕಸುಬಿನ ಪದ್ಧತಿ! ನಿನ್ನ ಡಬ್ಬಿ ಮುಚ್ಚಳ ಯಾವ ಮೂರ್ಖ..."

ಟಿಣ್.

"...ಯಾವ ಪುಣ್ಯಾತ್ಮ ಮಾಡಿದ್ನೋ, ಎಷ್ಟು ಬಿಗಿಯಾಗಿ, ಎಷ್ಟು ಪ್ರೀತಿಯಿಂದ ಮಾಡಿದ್ದಾನೆ," ಎಂದು ಕೆಂಡಣ್ಣ ಕಣ್ಣು ಅರೆಮುಚ್ಚಿದ.

ಪುಟ್ಟಿ ತನ್ನ ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು. ಅವರು ಮೊದಲು ಬೈದರು, ಆಮೇಲೆ ಸಮಾಧಾನ ಹೇಳಿದರು: ಹನಿ ಬಲು ಸಣ್ಣದು, ಜೀವಕ್ಕೆ ಏನೂ ತೊಂದರೆಯಿಲ್ಲ, ಯಂತ್ರ ಎರಡು ಮೂರು ದಿನದಲ್ಲಿ ತಾನೇ ದಾರಿ ಹುಡುಕಿಕೊಂಡು ಹೊರಬರುತ್ತದೆ.

"ಬಂದಾಗ ಅದನ್ನ ಹುಡುಕಿ ಎತ್ತಿಡೋರು ಯಾರು?" ಎಂದಳು ಹೆಂಡತಿ.

ಕೆಂಡಣ್ಣ ಗೋಡೆಯ ಗಡಿಯಾರಗಳನ್ನು ಎಣಿಸತೊಡಗಿದ.

"ಅದು ಆಮೇಲಿನ ಮಾತು ಚಿಕ್ಕಮ್ಮ," ಎಂದಳು ಪುಟ್ಟಿ. "ನಾಳೆ ಹನ್ನೊಂದಕ್ಕೆ ಜಾಡಿಯಲ್ಲಿ ಇಡೋಕೆ ನನ್ನ ಹತ್ರ ಏನೂ ಇಲ್ಲ. ಇರೋದು ಚಿಕ್ಕಪ್ಪನ ಹೊಟ್ಟೆಯಲ್ಲಿ. ಸಮಿತಿಗೆ ಹೇಳ್ಬಿಡ್ತೀನಿ, ಜಾಡಿ ಬದಲು ಇವರನ್ನೇ ತಂದಿದ್ದೀನಿ ಅಂತ. ಇನ್ನು ಆರು ಹನಿ ಇದೆ. ಅಲ್ಲಿಗೆ ಬರೋವಾಗ ಒಂದಾದ್ರೂ ಉಳಿದಿರ್ಬೇಕು. ಅದು ಅವರ ಕಣ್ಣೆದುರಿಗೇ ಬೀಳ್ಬೇಕು. ಅಂದ್ರೆ ಚಿಕ್ಕಪ್ಪ ಅಲ್ಲಿವರೆಗೂ ಸಿಟ್ಟಾಗಬಾರದು."

"ಅಷ್ಟೇ ತಾನೆ?" ಕೆಂಡಣ್ಣ ನಿಧಾನವಾಗಿ ಮುಷ್ಟಿ ಮೇಲೆತ್ತಿದ. "ನಲವತ್ತೊಂದು ದಿನ ಬೀದಿಯಲ್ಲಿ ಕೂತವನು ನಾನು. ಹದಿನೆಂಟು ಗಂಟೆ ಸುಮ್ನಿರೋದು ಒಂದು ದೊಡ್ಡದಾ? ಪ್ರತಿಜ್ಞೆ ಮಾಡ್ತೀನಿ, ನಾಳೆ ಹನ್ನೊಂದರವರೆಗೆ ನನಗೆ ಸಿಟ್ಟೇ ಬರಲ್ಲ!"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

"ನಗ್ತೀಯಾ? ಗಂಡ ಪ್ರತಿಜ್ಞೆ ಮಾಡಿದ್ರೆ ನಗ್ತೀಯಾ?"

ಟಿಣ್.

"ಇನ್ನು ಐದು," ಎಂದಳು ಹೆಂಡತಿ, ಮುಂದಿನ ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ. ಫೋನನ್ನು ಎತ್ತಿ ತನ್ನ ಚೀಲದಲ್ಲಿ ಹಾಕಿಕೊಂಡಳು.

ಅಲ್ಲಿಂದ ಆ ಮನೆಯಲ್ಲಿ ಒಂದು ವಿಚಿತ್ರ ಶಾಂತಿ ಸ್ಥಾಪನೆಯಾಯಿತು. ಪುಟ್ಟಿ ಕಾಲು ತುದಿಯಲ್ಲಿ ನಡೆದಳು. ಹೆಂಡತಿ ಬಾಗಿಲು ಹಾಕುವಾಗ ಚಿಲಕವನ್ನು ಮಗುವನ್ನು ಮಲಗಿಸಿದಂತೆ ಮಲಗಿಸಿದಳು. ಕೆಂಡಣ್ಣ ಸ್ಟೂಲಿನ ಮೇಲೆ ಅಂಗೈ ಅಂಗೈ ಸೇರಿಸಿ ಕೂತು, ಮನಸ್ಸಿನಲ್ಲಿ ಬರೀ ಬಿಳಿ ಮೋಡಗಳನ್ನು ಮೇಯಿಸುತ್ತಿದ್ದ.

ಅಷ್ಟರಲ್ಲಿ ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಬಂದರು. ಅವರ ಗೋಡೆ ಗಡಿಯಾರ ಮೂರು ದಿನದಿಂದ ಇಲ್ಲೇ ಇತ್ತು.

"ಏನ್ರೀ ಇದು? ಒಂದು ಸೆಲ್ ಹಾಕೋಕೆ ಮೂರು ದಿನ ಬೇಕಾ? ಈಗೆಲ್ಲ ಫೋನಲ್ಲೇ ಟೈಮ್ ಬರುತ್ತೆ. ಗೋಡೆ ಬೋಳಾಗಿ ಕಾಣ್ಬಾರದು ಅಂತ ಇಟ್ಕೊಂಡಿದ್ದೀನಿ ಅಷ್ಟೇ."

ಪುಟ್ಟಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಕೆಂಡಣ್ಣನ ಮೋಡಗಳು ಒಂದೊಂದಾಗಿ ಕಪ್ಪಾದವು. ಸೆಲ್ಲಂತೆ! ಆ ಗಡಿಯಾರದ ಹಲ್ಲುಚಕ್ರದಲ್ಲಿ ಸವೆದಿದ್ದ ಎರಡು ಹಲ್ಲುಗಳನ್ನು ಅವನು ಕೈಯಲ್ಲೇ ಉಜ್ಜಿ ಕೂರಿಸಿದ್ದ. ಹಲ್ಲಿನ ಬೆಲೆ ಹಲ್ಲಿನ ಡಾಕ್ಟರಿಗೇ ಗೊತ್ತಿಲ್ಲವಲ್ಲ!

ಒಳಗಿನಿಂದ ಟಿಣ್. "ನಾಲ್ಕು!" ಎಂಬ ಪ್ರಕಟಣೆ.

"ಡಾಕ್ಟ್ರೇ," ಎಂದ ಕೆಂಡಣ್ಣ, ದೂರದ ದಡದಿಂದ ಮಾತಾಡುವವನಂತೆ. "ನಿಮ್ಮ ಗಡಿಯಾರ ಹಿಂದೆ ಬಿದ್ದಿರಲಿಲ್ಲ. ನೀವೇ ಸ್ವಲ್ಪ ಮುಂದೆ ಬಂದುಬಿಟ್ಟಿದ್ರಿ. ನಿಂತು ಕಾಯ್ತಿತ್ತು ಪಾಪ. ಒಂದು ನಿಮಿಷ ಅದರ ಎದುರು ಕೂತ್ಕೊಳ್ಳಿ. ಅದು ನಡೆಯೋದನ್ನ ನೋಡಿ. ಎಷ್ಟು ಹಗುರವಾಗಿ ನಡೆಯುತ್ತೆ, ಯಾರನ್ನೂ ಎಬ್ಬಿಸಬಾರದು ಅನ್ನೋ ಹಾಗೆ..."

ಹಲ್ಲಿನ ಡಾಕ್ಟರು ನಿಜಕ್ಕೂ ಒಂದು ನಿಮಿಷ ನೋಡಿದರು. ಆಮೇಲೆ ಗಡಿಯಾರವನ್ನು ಎದೆಗವಚಿಕೊಂಡು ಹಿಂದೆ ಹಿಂದೆಯೇ ನಡೆದು ಮೆಟ್ಟಿಲಿಳಿದರು. ಬೀದಿ ತಲುಪಿದ ಮೇಲೆ ಪುಟ್ಟಿಯನ್ನು ಕರೆದು, "ನನಗೊಬ್ಬರು ಒಳ್ಳೆ ನರರೋಗದ ಡಾಕ್ಟರು ಗೊತ್ತಮ್ಮ" ಎಂದು ಪಿಸುಗುಟ್ಟಿದರು.

ಸಂಜೆ ಬಚ್ಚಲ ನಲ್ಲಿ ತೊಟ್ಟಿಕ್ಕಿದ್ದಕ್ಕೆ ಇನ್ನೊಂದು ಹನಿ ಹೋಯಿತು. ನಲ್ಲಿಯ ಹನಿಗೂ ಹೊಟ್ಟೆಯ ಹನಿಗೂ ಪೈಪೋಟಿ ಬಿದ್ದಂತಾಗಿ, ಹೊಟ್ಟೆಯದು ಒಂದರಲ್ಲೇ ಗೆದ್ದಿತು. ಮೂರು ಉಳಿದವು.

ಆ ಹನಿಯ ಮಂಪರಿನಲ್ಲಿ ಅವನು ಬಂದು ಮುಂಬಾಗಿಲ ಮೆಟ್ಟಿಲ ಮೇಲೆ ಹೆಂಡತಿಯ ಪಕ್ಕ ಕೂತ. ಬೀದಿಯಲ್ಲಿ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಎದುರು ಮನೆಯ ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿಗಳು ಒಂದಕ್ಕೊಂದು ಏನೋ ಗುಟ್ಟು ಹೇಳುತ್ತಿದ್ದವು. ಸೈಕಲ್ಲೊಂದು ಹೋಯಿತು. ಅದರ ಗಂಟೆಯ ಸದ್ದು ಹೋಗದೆ ಗಾಳಿಯಲ್ಲೇ ಸ್ವಲ್ಪ ಹೊತ್ತು ಕೂತಿತ್ತು.

"ನಿನ್ನ ಬೆರಳೆಲ್ಲ ಕಪ್ಪಾಗಿದೆ," ಎಂದ ಕೆಂಡಣ್ಣ.

"ಟಿಕೆಟ್ಟಿನ ಮಸಿ. ಹದಿನೇಳು ವರ್ಷದಿಂದ ಇದೆ."

"ನಾನು ಇವತ್ತೇ ನೋಡಿದ್ದು."

ಹೆಂಡತಿ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅವಳಿಗೂ ಮನುಷ್ಯರಿಗೆ ಸಹಜವಾದ ಆಸೆ ಹುಟ್ಟಿತು. ಮಂಚದ ಕೆಳಗೆ ಒಂದು ತಗಡಿನ ಟ್ರಂಕು, ಅದರ ತುಂಬ ಮುಷ್ಕರದ ಹಳೆಯ ಕರಪತ್ರಗಳು, ಅದಕ್ಕೆ ಗೆದ್ದಲು. ಅದನ್ನು ಮುಟ್ಟಿದರೆ ಮನೆಯಲ್ಲಿ ಕರ್ಫ್ಯೂ ಹೇರಿದಂತಾಗುತ್ತಿತ್ತು.

"ರೀ, ಆ ಟ್ರಂಕು ಬಿಸಾಕಲಾ?"

"ಬಿಸಾಕು," ಎಂದ ಕೆಂಡಣ್ಣ ನಗುತ್ತ. "ಕಾಗದ ತಾನೆ."

ಇಪ್ಪತ್ತೆರಡು ವರ್ಷ ಕಾದ ಮಾತು ಹೀಗೆ ಮಡಿಲಿಗೇ ಬಂದು ಬಿದ್ದರೆ ಬೇರೆಯವರು ಓಡಿಹೋಗಿ ಟ್ರಂಕು ಎಳೆಯುತ್ತಿದ್ದರು. ಅವಳೂ ಎದ್ದಳು. ಎರಡು ಹೆಜ್ಜೆ ಹಾಕಿ, ನಿಂತು, ವಾಪಸು ಬಂದು ಕೂತಳು.

"ಬೇಡ ಬಿಡಿ. ಔಷಧಿ ಹೇಳಿಸಿದ ಮಾತಿಗೆ ನಾನು ಸಹಿ ಹಾಕಿಸ್ಕೊಳ್ಳಲ್ಲ. ನಾನೂ ಯೂನಿಯನ್ನಿನವಳೇ."

ಬೆಳಿಗ್ಗೆ ಕೆಂಡಣ್ಣ ಎದ್ದು ನೋಡಿದರೆ ದಿನಪತ್ರಿಕೆಯನ್ನು ಯಾರೋ ಅವನಿಗಿಂತ ಮೊದಲೇ ಬಿಡಿಸಿ, ಓದಿ, ಹಾಳೆಗಳ ಕ್ರಮ ತಪ್ಪಿಸಿ ಮಡಿಸಿಟ್ಟಿದ್ದರು. ಯಾರೋ ಅಂದರೆ ಪುಟ್ಟಿಯೇ, ರಾತ್ರಿ ಇಲ್ಲೇ ಉಳಿದಿದ್ದಳು. ಟಿಣ್. ಎರಡು. ಹತ್ತು ಗಂಟೆಯ ಬಸ್ಸಿನಲ್ಲಿ ಒಬ್ಬ ದಢೂತಿ ಮನುಷ್ಯ ಅವನ ಕಾಲ ಹೆಬ್ಬೆರಳನ್ನು ಸಮಗ್ರವಾಗಿ ತುಳಿದು, "ಕಾಲು ಸ್ವಲ್ಪ ಒಳಗೆ ಇಟ್ಕೊಳ್ರಿ" ಎಂದ. ಪುಟ್ಟಿ ಒಂದು ಕಡೆಯಿಂದ, ಇವತ್ತಿಗೂ ರಜೆ ಹಾಕಿದ್ದ ಹೆಂಡತಿ ಇನ್ನೊಂದು ಕಡೆಯಿಂದ ಕೆಂಡಣ್ಣನ ಬಾಯಿ ಮುಚ್ಚಿದರು. ಬಾಯಿ ಮುಚ್ಚಬಹುದು, ಗುಂಡಿಗೆ ಮುಚ್ಚುವುದು ಹೇಗೆ? ಟಿಣ್!

"ಒಂದೇ ಒಂದು," ಎಂದಳು ಹೆಂಡತಿ. ಈ ಸಲ ದನಿ ಏರಲಿಲ್ಲ.

ಉಳಿದ ದಾರಿಯುದ್ದಕ್ಕೂ ಕೆಂಡಣ್ಣ ಹೆಂಡತಿಯ ಹೆಗಲಿಗೆ ತಲೆಯಿಟ್ಟು, ತನ್ನ ಹೆಬ್ಬೆರಳು ದೂರದ ದ್ವೀಪವೊಂದರಲ್ಲಿ ಸುಖವಾಗಿದೆ ಎಂದು ಊಹಿಸಿಕೊಳ್ಳುತ್ತಿದ್ದ.

ಆಸ್ಪತ್ರೆಯ ಹಿಂದಿನ ಆ ಕೋಣೆ ಉದ್ದಕ್ಕೆ, ಬೆಳ್ಳಗೆ ಇತ್ತು. ಮೇಜಿನ ಆಚೆ ಮೂವರು. ನಡುವೆ ಬೆಳ್ಳಿಕೂದಲ ಅಧ್ಯಕ್ಷೆ. ಬಲಕ್ಕೆ ಬೋಳುತಲೆಯ ಹೃದಯತಜ್ಞ. ಎಡಕ್ಕೆ ಇದ್ದವರು ಯಾರು ಅಂತ ಕೊನೆಯವರೆಗೂ ತಿಳಿಯಲಿಲ್ಲ, ಅವರು ಬಿಸ್ಕತ್ತು ತಿನ್ನುತ್ತಿದ್ದರು. ಪುಟ್ಟಿಯ ಜೊತೆಯ ಮೂವರು ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು, ತೀರ್ಪು ಕೇಳಲು ಬಂದವರಂತೆ.

"ಮಾದರಿ ಎಲ್ಲಮ್ಮ?" ಎಂದರು ಅಧ್ಯಕ್ಷೆ.

"ಇಲ್ಲೇ ಕೂತಿದೆ ಮೇಡಂ," ಎಂದಳು ಪುಟ್ಟಿ, ಚಿಕ್ಕಪ್ಪನ ಕಡೆ ಕೈ ತೋರಿಸಿ. ಅರ್ಧ ನಿಮಿಷದಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

ಬಿಸ್ಕತ್ತು ಅರ್ಧದಲ್ಲಿ ನಿಂತಿತು. ಅಧ್ಯಕ್ಷೆ ಕನ್ನಡಕ ತೆಗೆದರು.

"ಮನುಷ್ಯನ ಒಳಗಾ? ಅವರ ಒಪ್ಪಿಗೆ ತಗೊಂಡಿದ್ದೀರಾ?"

"ಒಪ್ಪಿಗೆ ಏನು ಬಂತು ಮೇಡಂ," ಎಂದಳು ಹಿಂದೆ ಕೂತಿದ್ದ ಹೆಂಡತಿ. "ಯಾರನ್ನೂ ಕೇಳದೆ ನುಂಗಿದ್ದು ಇವರೇ."

ತಪ್ಪು ಯಾರದು, ಅದನ್ನು ಯಾವ ಕಾಗದದಲ್ಲಿ ಬರೆಯಬೇಕು ಎನ್ನುವ ಬಗ್ಗೆ ಮೂವರೂ ತಲೆ ಹತ್ತಿರ ತಂದು ಗುಸುಗುಸು ಮಾಡಿದರು. ದೊಡ್ಡ ಡಾಕ್ಟರು ಮೂಲೆಯಿಂದ, ಅಪಾಯವಿಲ್ಲ ಎಂದು ಬರೆದುಕೊಟ್ಟರು. ಕೊನೆಗೆ ಅಧ್ಯಕ್ಷೆ, "ಆಗಿದ್ದು ಆಗಿದೆ. ತೋರಿಸಿ ನೋಡೋಣ" ಎಂದರು.

ಗೋಡೆಯ ಪರದೆಯ ಮೇಲೆ ಕೆಂಡಣ್ಣನ ಗುಂಡಿಗೆಯ ಗೆರೆ ಹರಿಯತೊಡಗಿತು. ಪಕ್ಕದಲ್ಲಿ ಅಂಕಿ: ಎಪ್ಪತ್ತೆರಡು. ನೂರಿಪ್ಪತ್ತು ದಾಟಿದರೆ ಹನಿ ಬೀಳುತ್ತದೆ.

"ಚಿಕ್ಕಪ್ಪ, ಈಗ ಸಿಟ್ಟು ಮಾಡ್ಕೊಳ್ಳಿ."

ಇಷ್ಟು ಸುಲಭದ ಕೆಲಸವನ್ನು ಯಾರೂ ಅವನಿಗೆ ಜೀವಮಾನದಲ್ಲಿ ಹೇಳಿರಲಿಲ್ಲ! ಕೆಂಡಣ್ಣ ಎದ್ದು ನಿಂತು ಅಂಗಿಯ ತೋಳು ಮಡಿಸಿದ. ಸಣ್ಣಪುಟ್ಟದ್ದಕ್ಕೆ ಕೈಹಾಕುವುದು ಬೇಡ, ತನ್ನ ಬತ್ತಳಿಕೆಯ ಅತಿ ದೊಡ್ಡ ಬಾಣವನ್ನೇ ತೆಗೆಯೋಣ ಎಂದುಕೊಂಡು ಆ ನಲವತ್ತೊಂದು ದಿನ ತೆಗೆದ.

"ಅವತ್ತು ಬೆಳಿಗ್ಗೆ ಆರು ಗಂಟೆ! ಎಂಟುನೂರು ಜನ ಕೆಲಸಕ್ಕೆ ಅಂತ ಹೋದ್ರೆ ಗೇಟಿಗೆ ಬೀಗ! ಬೀಗದ ಮೇಲೆ ಒಂದು ಚೀಟಿ! ಇಪ್ಪತ್ತು ವರ್ಷ ದುಡಿದವರಿಗೆ ಒಂದು ಚೀಟಿ ಸ್ವಾಮೀ!"

ಮೇಜು ಗುದ್ದಿದ. ನೀರಿನ ಲೋಟಗಳು ಕುಣಿದವು. ಗೋಡೆಗೆ ಒರಗಿದ್ದ ಹುಡುಗಿಯೊಬ್ಬಳ ಕಣ್ಣು ಒದ್ದೆಯಾಯಿತು. ಕೆಂಡಣ್ಣನ ದನಿ ಕಿಟಕಿಯ ಗಾಜನ್ನು ಅಲ್ಲಾಡಿಸಿತು.

ಪರದೆಯ ಮೇಲೆ: ಎಪ್ಪತ್ತೆರಡು.

ಕೆಂಡಣ್ಣ ಪರದೆಯನ್ನು ನೋಡಿದ. ಯಂತ್ರ ಕೆಟ್ಟಿದೆ ಅಂದುಕೊಂಡ. ಇನ್ನೊಮ್ಮೆ ಶುರುಮಾಡಿದ. ಲಾಠಿ ಬೀಸಿದ್ದನ್ನು ಹೇಳಿದ, ಬಿದ್ದವರನ್ನು ಹೇಳಿದ, ಮ್ಯಾನೇಜರನ ಕಾರು ಹಿಂಬಾಗಿಲಿನಿಂದ ಹೋದದ್ದನ್ನು ಹೇಳಿದ. ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬೆರಳು ತೋರಿಸಬೇಕು ಎನ್ನುವುದು ನಾಲಗೆಗೆ ಬಾಯಿಪಾಠ.

"ಎಪ್ಪತ್ತು," ಎಂದರು ಹೃದಯತಜ್ಞ. "ಇಳೀತಿದೆ. ಇವರು ಜೋಗುಳ ಹಾಡ್ತಿದ್ದಾರಾ?"

ಕೆಂಡಣ್ಣನಿಗೆ ಆಗ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಗಿರಾಕಿಗಳಿಗೆ, ನೆಂಟರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳೀ ಹೇಳೀ ಆ ಕೆಂಡ ಎಂದೋ ಬೂದಿಯಾಗಿತ್ತು. ಅದು ಅವನೊಬ್ಬನಿಗೆ ಗೊತ್ತಿರಲಿಲ್ಲ, ಜೀರಿಗೆ ಕಾಳಿಗೆ ಗೊತ್ತಾಯಿತು. ನಿನ್ನೆಯಿಂದ ಹೋದ ಏಳು ಹನಿಗಳನ್ನು ನೆನೆದ. ಕತ್ತರಿ, ಡಬ್ಬಿ ಮುಚ್ಚಳ, ಹೆಂಡತಿಯ ನಗು, ಸೆಲ್ಲು, ನಲ್ಲಿ, ಪೇಪರು, ಹೆಬ್ಬೆರಳು. ಅನ್ಯಾಯ ಕಂಡರೆ ಏರುವ ಕಾವಿನ ಪೂರ್ತಿ ಚರಿತ್ರೆ ಅದು!

ಹೃದಯತಜ್ಞರು ಸಹಾಯ ಮಾಡಲು ನೋಡಿದರು. "ನಿಮ್ಮ ಮುಷ್ಕರದ ಗಲಾಟೆಯಿಂದಲೇ ಕಾರ್ಖಾನೆ ಹೋಯ್ತಂತಲ್ಲ?" ಎಂದು ಕೆಣಕಿದರು. ಬಿಸ್ಕತ್ತಿನವರು ಕೂಡ ಬಾಯಿ ಒರೆಸಿಕೊಂಡು, "ಸೋಂಬೇರಿಗಳು" ಎಂದರು, ಮತ್ತು ತಕ್ಷಣ ಕ್ಷಮೆ ಕೇಳಿದರು.

"ಅದೆಲ್ಲ ಬಹಳ ಸಲ ಕೇಳಿದ್ದೀನಿ ಸಾರ್," ಎಂದ ಕೆಂಡಣ್ಣ ಮೆತ್ತಗೆ. ಎಪ್ಪತ್ತನಾಲ್ಕು.

ಹನ್ನೊಂದೂಮುಕ್ಕಾಲು ಆಯಿತು. ಅಧ್ಯಕ್ಷೆ ಕಡತದ ದಾರ ಕಟ್ಟತೊಡಗಿದರು. "ಯಂತ್ರ ಎದೆಬಡಿತ ಅಳೆಯುತ್ತೆ ಅನ್ನೋದು ಕಾಣ್ತಿದೆ. ಔಷಧಿ ಬಿಡುತ್ತೆ ಅನ್ನೋದಕ್ಕೆ ನಾವು ಏನೂ ನೋಡ್ಲಿಲ್ಲ. ಬಹಳ ಕಷ್ಟಪಟ್ಟಿದ್ದೀರಮ್ಮ, ಆದ್ರೆ..." ಪುಟ್ಟಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆಯುವುದು ಹಾಕುವುದು, ತೆಗೆಯುವುದು ಹಾಕುವುದು. ತಲೆ ಎತ್ತಲಿಲ್ಲ. ಕೆಂಡಣ್ಣ ಉಸಿರು ಬಿಗಿಹಿಡಿದ, ತೊಡೆ ಚಿವುಟಿಕೊಂಡ, ತನಗೆ ತಾನೇ ಬೈದುಕೊಂಡ. ಎಪ್ಪತ್ತೆಂಟು. ಗೇಟು ಮತ್ತೆ ಅವನ ಕಣ್ಣೆದುರಿಗೇ ಮುಚ್ಚುತ್ತಿತ್ತು. ಈ ಸಲ ಬೀಗ ಹಾಕುತ್ತಿದ್ದುದು ಅವನದೇ ತಣ್ಣನೆಯ ಗುಂಡಿಗೆ.

"ಹೋಲ್ಡಾನ್!"

ಇಡೀ ಕೋಣೆ ಬ್ರೇಕು ಹಾಕಿದಂತೆ ನಿಂತಿತು. ಹೆಂಡತಿ ಎದ್ದು ಬಂದು ಗಂಡನ ಎದುರು ನಿಂತಳು. ಏನೋ ಸಣ್ಣ ವಿಷಯ ಈಗ ನೆನಪಾಯಿತು ಎನ್ನುವಂತೆ, ತೀರಾ ಮನೆಯ ದನಿಯಲ್ಲಿ ಹೇಳಿದಳು:

"ರೀ, ಮೊನ್ನೆ ಗ್ಯಾಸ್ ಸರಿಯಾಗಿ ಉರೀತಿರಲಿಲ್ಲ. ಬರ್ನರಿನ ತೂತೆಲ್ಲ ಕಟ್ಟಿತ್ತು. ನಿಮ್ಮ ಮೇಜಿನ ಮೇಲೆ ಆ ಹಿತ್ತಾಳೆ ಹಿಡಿಯ ಸಣ್ಣ ಸ್ಕ್ರೂಡ್ರೈವರ್ ಇತ್ತಲ್ಲ, ಅದರಲ್ಲೇ ಕೆರೆದೆ."

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಂಡಣ್ಣನ ಕಿವಿಯ ತುದಿ ಕೆಂಪಾಯಿತು.

"ಯಾವುದರಲ್ಲಿ?"

"ಅದೇ, ಕೂದಲಿನ ಹಾಗೆ ತೆಳ್ಳಗಿದೆಯಲ್ಲ ಅದು. ಈಗ ಸ್ವಲ್ಪ ಬಗ್ಗಿದೆ. ಸುತ್ತಿಗೆಯಲ್ಲಿ ಒಂದು ಏಟು ಹಾಕಿ ಸರಿ ಮಾಡಿದೆ."

"ಸುತ್ತಿಗೆ!" ಆ ಕೂಗಿಗೆ ಪಕ್ಕದ ವಾರ್ಡಿನ ರೋಗಿಗಳು ಎದ್ದು ಕೂತಿರಬೇಕು. "ಅದರ ಮೊನೆ ನಾನು ಹನ್ನೊಂದು ದಿನ ಕಲ್ಲಿಗೆ ಉಜ್ಜಿ ಮಾಡಿದ್ದು! ಅದನ್ನ ನಾನೇ ಉಸಿರು ಹಿಡಿದು ಮುಟ್ತೀನಿ! ಒಲೆ! ಒಲೆಯ ಮಸಿಗೆ! ಅದಕ್ಕೆ ಸುತ್ತಿಗೆ ಏಟು! ನೀನು ಮನುಷ್ಯಳಾ? ಮನೆಯಲ್ಲಿ ಒಂದು ಸೂಜಿ ಇರಲಿಲ್ವಾ? ಒಂದು ಕಡ್ಡಿ? ಒಂದು ಮೊಳೆ?"

ಪರದೆಯ ಗೆರೆ ಬೆಟ್ಟ ಹತ್ತಿತು. ತೊಂಬತ್ತು. ನೂರಹತ್ತು. ನೂರಿಪ್ಪತ್ತೈದು. ನೂರಮೂವತ್ತೆಂಟು!

ಟಿಣ್.

ಗೆರೆ ತುದಿಯಲ್ಲಿ ಒಂದಿಷ್ಟು ಹೊತ್ತು ನಿಂತು, ಸಂಜೆ ಮನೆಗೆ ಮರಳುವ ದನದಂತೆ ಸಾವಕಾಶವಾಗಿ ಇಳಿಯತೊಡಗಿತು. ನೂರಹದಿನೈದು. ತೊಂಬತ್ತಾರು. ಕೆಂಡಣ್ಣನ ಮೇಲೆತ್ತಿದ ಕೈ ಹೂವಿನ ದಳದಂತೆ ಕೆಳಗಿಳಿಯಿತು. ಬಿಳಿ ಗೋಡೆಗಳು ಮೆಲ್ಲಗೆ ಉಸಿರಾಡುತ್ತಿವೆ ಅನ್ನಿಸಿತು. ಎಪ್ಪತ್ತೊಂದು. ಅವನು ಹೆಂಡತಿಯ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿ, ಅಕ್ಕರೆಯಿಂದ ಕೇಳಿದ:

"ಬರ್ನರ್ ಈಗ ಚೆನ್ನಾಗಿ ಉರಿಯುತ್ತಾ?"

ಮೊದಲು ಚಪ್ಪಾಳೆ ಹೊಡೆದವರು ಬಿಸ್ಕತ್ತಿನವರು. ಆಮೇಲೆ ಎಲ್ಲರೂ. ಗೋಡೆಯ ಹುಡುಗಿಯರು ಪುಟ್ಟಿಯ ಮೇಲೆ ಬಿದ್ದು ಅಪ್ಪಿದರು. ಅಧ್ಯಕ್ಷೆ ಕಡತದ ದಾರ ಬಿಚ್ಚಿ, ಇನ್ನೂ ಎರಡು ವರ್ಷ ಕೆಲಸ ಮುಂದುವರಿಯಲಿ ಎಂದು ಬರೆದು ಸಹಿ ಹಾಕಿದರು. ಹೃದಯತಜ್ಞರು ವರದಿಯಲ್ಲಿ "ಉದ್ರೇಕದ ಕಾರಣ" ಎಂಬ ಜಾಗದ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. ಕೊನೆಗೆ "ಪತ್ನಿ" ಎಂದು ಬರೆದರು.

ಮೂವರೂ ಆಸ್ಪತ್ರೆಯ ಮೆಟ್ಟಿಲು ಇಳಿಯುವ ಹೊತ್ತಿಗೆ ಕೆಂಡಣ್ಣನ ತಲೆಯೊಳಗಿನ ಮಂಜು ತೆಳುವಾಗುತ್ತಿತ್ತು. ಕುರ್ಚಿಗಳು ಒಂದೊಂದಾಗಿ ಹಳೆಯ ಜಾಗಕ್ಕೆ ಮರಳುತ್ತಿದ್ದವು. ನಾಲ್ಕನೇ ಮೆಟ್ಟಿಲಲ್ಲಿ ಅವನು ನಿಂತ.

"ಅಲ್ವೇ, ನಿಜ ಹೇಳು. ಆ ಸ್ಕ್ರೂಡ್ರೈವರಲ್ಲಿ ನೀನು ಒಲೆ ಕೆರೆದಿದ್ದು ಹೌದಾ? ಇಲ್ಲ ಪುಟ್ಟಿಗೋಸ್ಕರ ಸುಮ್ನೆ ಹೇಳಿದ್ದಾ?"

ಹೆಂಡತಿ ಪುಟ್ಟಿಯ ಕಡೆ ತಿರುಗಿದಳು.

"ಪುಟ್ಟಿ, ಇವರ ಹೊಟ್ಟೆಯಲ್ಲಿ ಇನ್ನೂ ಹನಿ ಉಳಿದಿದೆಯಾ?"

"ಇಲ್ಲ ಚಿಕ್ಕಮ್ಮ. ಎಂಟೂ ಖಾಲಿ."

"ಹಾಗಾದ್ರೆ ಹೇಳಲ್ಲ," ಎಂದಳು ಹೆಂಡತಿ. "ನಡೀರಿ, ಬಸ್ಸು ಬಂತು."